ಸರ್ವರಿಗಿಟ್ಟ ಹೆಸರು

"ಅಕ್ಕಾರ, ಪಡದೆ ಮ್ಯಾಲ ಏನ ಬಂದೈತಿ, ಇದ್ದದ್ದ ಇದ್ದಂಗ ಓದ್ರಿ. ಒಂದ ಅಕ್ಷರ ನುಂಗಬ್ಯಾಡ್ರಿ."

ಹುನಗುಂದದಿಂದ ಮುಜಮ್ಮಿಲ ಫೋನಿನಲ್ಲಿ ಹೀಗೆಂದಾಗ, ಬಾಗಲಕೋಟೆಯ ನವನಗರದ ನೇಕಾರರ ಸಂಘದ ಖೋಲಿಯಲ್ಲಿ ನಾಗರತ್ನಾ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಕನ್ನಡಕ ಮೇಲಕ್ಕೇರಿಸಿ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ನೆಟ್ಟಗೆ ಕುಳಿತಳು.

"ಆಕ್ಸೆಸ್... ಡಿನೈಡ್... ಫಾರ್ ಯೂಸರ್... ನೇಕಾರ... ಆಮ್ಯಾಲ ಆ ಬಾಲ ಸುತ್ತಿಕೊಂಡ ಅಕ್ಷರ ಇರ್ತೈತಲ್ಲ, ಅಟ್ ಅಂತಾರಲ್ಲ, ಅದು... ಆಮ್ಯಾಲ ನಮ್ಮ ಮಶೀನಿನ ಹೆಸರು... ಯೂಸಿಂಗ್ ಪಾಸ್‌ವರ್ಡ್, ಯೆಸ್. ಮುಗೀತ ನೋಡಪಾ."

"ಅಷ್ಟನ?"

"ಅಷ್ಟ."

ಮಶೀನಿನ ಹೆಸರನ್ನು ಅವಳು ಓದಲಿಲ್ಲ. ಬೇಕೆಂದು ಬಿಟ್ಟದ್ದೂ ಅಲ್ಲ. ಆ ಹೆಸರು ಕಣ್ಣಿಗೆ ಬಿದ್ದ ಕೂಡಲೇ ನಾಲಿಗೆ ತಾನಾಗಿಯೇ ಬದಿಗೆ ಸರಿದು ನಿಂತಿತು, ಎದುರಿಗೆ ಮಾವ ಬಂದರೆ ಸೊಸೆ ಸೆರಗೆಳೆದುಕೊಂಡು ಸರಿಯುವ ಹಾಗೆ. ಪಡದೆಯ ಮೇಲಿದ್ದ ಹೆಸರು ಸೋಮಲಿಂಗ. ಅವಳ ಗಂಡನ ಹೆಸರೂ ಅದೇ. ಮದುವೆಯಾದಂದಿನಿಂದ ಆ ನಾಲ್ಕು ಅಕ್ಷರ ಅವಳ ಬಾಯಿಂದ ಹೊರಬಿದ್ದಿರಲಿಲ್ಲ. ದೇವರ ಹೆಸರು ಅಂತ ಕೂಡ ಅನ್ನುತ್ತಿರಲಿಲ್ಲ, 'ಗುಡ್ಡದ ದೇವರು' ಎನ್ನುತ್ತಿದ್ದಳು. ಸೋಮವಾರಕ್ಕೂ 'ಐತವಾರದ ಮರುದಿನ' ಎಂದೇ ಹೇಳಿ ಓಣಿಯ ಹುಡುಗಿಯರಿಂದ ನಗಿಸಿಕೊಳ್ಳುತ್ತಿದ್ದಳು. ಬಾಯಿಂದ ಅನ್ನಬಾರದು, ಅಷ್ಟೆ. ಅದಕ್ಕೆ ಕಾರಣ ಕೇಳಿದರೆ ಅವಳಿಗೂ ಗೊತ್ತಿಲ್ಲ. ರಾತ್ರಿ ಕಸ ಹೊರಗೆ ಚೆಲ್ಲಬಾರದು ಎನ್ನುವುದಕ್ಕೆ ಕಾರಣ ಯಾರು ಕೇಳುತ್ತಾರೆ?

"ಬೆಳಿಗ್ಗೆ ಬಂದಿದ್ದು ಬ್ಯಾರೆ ಇತ್ತಲ್ಲ?" ಎಂದ ಮುಜಮ್ಮಿಲ.

"ಹೌದಪಾ. ಅವಾಗ ಕನೆಕ್ಟ್ ಆಗಾಕ ಬರೂದಿಲ್ಲ ಅಂತಿತ್ತು. ನೀ ಹೇಳಿದ ಸಾಲು ಬಡದ ಮ್ಯಾಲ ಇದು ಬಂತು."

"ಅಂದ್ರ ಒಂದ ಬಾಗಲಾ ದಾಟೇವಿ. ಬೆಳಿಗ್ಗೆ ಅಂಗಡಿ ಮುಚ್ಚಿತ್ರಿ. ನಿನ್ನಿ ಕರೆಂಟ ಹೋಗಿ ಬಂತಲ್ಲ, ಲಿನಕ್ಸ್ ಎದ್ದೈತಿ, ಡೇಟಾಬೇಸ್ ಎದ್ದಿದ್ದಿಲ್ಲ. ಮುಚ್ಚಿದ ಅಂಗಡಿ ಬಾಗಲಾ ಬಡದ್ರ ಯಾರ ಓ ಅಂತಾರ? ಈಗ ಅಂಗಡ್ಯಾಂವ ಎದ್ದಾನ, ಖಿಡಕಿ ತೆಗದಾನ, ನಿಮ್ಮ ಮಾರಿ ನೋಡ್ಯಾನ. ಆದ್ರ ಯಾರ ನೀವು ಅಂತ ಗುರ್ತ ಹಿಡೀವಲ್ಲ."

"ಇಷ್ಟ ವರ್ಷದ ಗಿರಾಕಿ ನಾ. ಗುರ್ತ ಹಿಡೀವಲ್ಲ ಅಂದ್ರ ಸೊಕ್ಕ ಎಷ್ಟಿರಬೇಕ ಅವಂಗ!"

ಮುಜಮ್ಮಿಲ ನಕ್ಕ. ಫೋನಿನ ತಂತಿಯಲ್ಲಿ ಆ ನಗೆ ಗಾಳಿಗೆ ಸಿಕ್ಕ ಹತ್ತಿಯಂತೆ ಹಗುರಾಗಿ ಬಂತು. ಹುನಗುಂದದಲ್ಲಿ ಟೈರಿನ ಅಂಗಡಿಯ ಮೇಲಿನ ಖೋಲಿಯಲ್ಲಿ ಅವನ ಕಂಪ್ಯೂಟರ್ ಕ್ಲಾಸು. ಲಿನಕ್ಸು ಗಿನಕ್ಸು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಮಾಸಪತ್ರಿಕೆಯೊಂದರ ಜೊತೆ ಬಂದ ಸೀಡಿ ಹಾಕಿ, ಕೆಡಿಸಿ, ಮತ್ತೆ ಹಾಕಿ, ಮತ್ತೆ ಕೆಡಿಸಿ ಕಲಿತವನು. ತಾನು ಕೆಡಿಸಿದ್ದನ್ನೆಲ್ಲ ರಿಪೇರಿ ಮಾಡಬಲ್ಲೆ, ತಾನು ಕೆಡಿಸದೇ ಇರುವುದರ ಮುಂದೆ ಮಾತ್ರ ಕೈ ಓಡುವುದಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಅವನು ಹೇಳಿದ್ದನ್ನೆಲ್ಲ ನಾಗರತ್ನಾ ಮಾಡಿದ್ದಳು. ದೊಡ್ಡಕ್ಷರದ ಗುಂಡಿ ಒತ್ತಿಕೊಂಡಿದೆಯೇ ನೋಡಿದ್ದಳು. ಪಾಸ್‌ವರ್ಡನ್ನು ಒಂದೊಂದೇ ಬೆರಳಿನಿಂದ, ಮಗುವಿಗೆ ತುತ್ತು ತಿನ್ನಿಸಿದಷ್ಟು ನಿಧಾನವಾಗಿ ಹೊಡೆದಿದ್ದಳು. ಲಿನಕ್ಸಿನೊಳಗೆ ಹೋಗುವ ಪಾಸ್‌ವರ್ಡನ್ನೇ ಬದಲಿಸಿ ನೋಡಿದ್ದಳು, ಅದಕ್ಕೆ ಮುಜಮ್ಮಿಲ ಬೈದಿದ್ದ: "ಅದು ತಲಬಾಗಿಲ ಕೀಲಿ ಅಕ್ಕಾರ, ಇದು ಒಳಗಿನ ತಿಜೋರಿ ಕೀಲಿ. ಅದನ್ನ ತಿರುವಿದ್ರ ಇದು ತೆರೀತೈತೇನು?" ತಿಜೋರಿಗೆ ಇನ್ನೊಂದು ದೊಡ್ಡ ಕೀಲಿಯೂ ಇತ್ತಂತೆ, ಎಲ್ಲರಿಗಿಂತ ಮೇಲಿನ ಪಾಸ್‌ವರ್ಡು. ಅದನ್ನು ಇಟ್ಟವನು ಸಂಘ ಬಿಟ್ಟು ಹೋಗಿ ಯಾವ ಊರಲ್ಲಿದ್ದಾನೋ ಯಾರಿಗೂ ತಿಳಿಯದು.

"ಅಕ್ಕಾರ," ಮುಜಮ್ಮಿಲನ ಧ್ವನಿ ಸಣ್ಣದಾಯಿತು. "ಇನ್ನ ಒಂದ ದಾರಿ ಉಳದೈತ್ರಿ. ಮಧ್ಯಾಹ್ನದ ಬಸ್ಸಿಗೆ ಸೀಡಿ ತಗೊಂಡ ಬರ್ತೇನಿ. ಎಲ್ಲಾ ಅಳಿಸಿ ಹೊಸದಾಗಿ ಹಾಕೂದು. ಅಮೀನಪ್ಪ ಸಾಹೇಬ್ರೂ ಮುಂಜಾನೆ ಫೋನ ಮಾಡಿ ಅದನ್ನ ಅಂದ್ರು. ಪಂಚಮಿ ಮುಂದ ಐತಿ, ಆರ್ಡರ್ ನಿಂತ್ರ ಹೆಂಗ ಅಂತ."

"ಒಳಗ ಇರೂದು?"

"ಉಳಿಸಾಕ ನೋಡ್ತೇನ್ರಿ. ಖರೆ ಹೇಳಬೇಕಂದ್ರ, ನನಗ ಧೈರ್ಯ ಇಲ್ಲ. ನೀವು ಫ್ಲಾಪಿದಾಗ ತಗದ ಇಟ್ಟಿದ್ರೆಲ್ಲ?"

"ಅವು ಊರ ಬಿಡೂ ಮುಂದ ನೀರ ಕುಡದ್ವು," ಎಂದಳು ನಾಗರತ್ನಾ.

ಫೋನು ಇಟ್ಟ ಮೇಲೆ ಖೋಲಿಯಲ್ಲಿ ಫ್ಯಾನಿನ ಸದ್ದೂ ಸರ್ವರಿನ ಸದ್ದೂ ಉಳಿದವು.

ಹಳೆ ಬಾಗಲಕೋಟೆಯಲ್ಲಿ ನೇಕಾರರ ಸಂಘದ ಅಂಗಡಿ ಬಾವಿ ಓಣಿಯ ಮೂಲೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ಆ ಓಣಿಗೂ ಬರುತ್ತದೆ ಎಂದಾದ ಮೇಲೆ ಎಲ್ಲರ ಹಾಗೆ ಸಂಘವೂ ಗಂಟುಮೂಟೆ ಕಟ್ಟಿ ನವನಗರಕ್ಕೆ ಏರಿ ಬಂತು. ಇಲ್ಲಿ ಎಲ್ಲ ಅಗಲ. ರಸ್ತೆ ಅಗಲ, ಆಕಾಶ ಅಗಲ, ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗಾಳಿ ಓಡಾಡುವಷ್ಟು ಜಾಗ. ಓಣಿಗಳಿಗೆ ಹೆಸರಿಲ್ಲ, ಸೆಕ್ಟರ್ ನಂಬರು. ಮೊದಮೊದಲು ನಾಗರತ್ನಾ ಮನೆಗೆ ಹೋಗುವಾಗ ದಾರಿ ತಪ್ಪಿ, ಬೇರೆಯವರ ಬಾಗಿಲಲ್ಲಿ ನಿಂತು, ತನ್ನ ರಂಗೋಲಿ ಇಲ್ಲವಲ್ಲ ಎಂದು ವಾಪಸು ಬರುತ್ತಿದ್ದಳು.

ಸರ್ವರನ್ನು ಹೊಸ ಕಟ್ಟಡಕ್ಕೆ ತಂದ ದಿನ ದೊಡ್ಡ ಸಡಗರವೇ ನಡೆಯಿತು. ಸಂಘದ ಅಧ್ಯಕ್ಷರು ಅಮೀನಪ್ಪ, ಯಾವ ಕೆಲಸಕ್ಕೂ ತೆಂಗಿನಕಾಯಿ ಒಡೆಯದೆ ಕೈ ಹಾಕದವರು. ಹೊಸ್ತಿಲಿಗೆ ನೀರು ಹಾಕಿಸಿ, ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿಸಿ, ಆರತಿ ಮಾಡಿಸಿ ಒಳಗೆ ಕರೆಸಿಕೊಂಡರು. ಆಮೇಲೆ ಮಶೀನು ಜೋಡಿಸಲು ಬಂದವನನ್ನು ಕೇಳಿದರು: "ಇದಕ್ಕ ಹೆಸರ ಏನಿಟ್ಟೀರಿ?"

"ಮಲಪ್ರಭಾ ಅಂತ ಐತ್ರಿ ಸಾಹೇಬ್ರ, ಹಳೆ ಊರಾಗಿದ್ದಾಗಿಂದ."

"ಹೊಸ ಮನಿಗೆ ಬಂದ ಮ್ಯಾಲ ಹೊಸ ಹೆಸರ ಬ್ಯಾಡೇನು? ಸೊಸಿ ಬಂದ್ರ ಇಡೂದಿಲ್ಲೇನು? ನಮ್ಮ ಮನಿದೇವರ ಹೆಸರಿಡು. ಸೋಮಲಿಂಗ."

ಸುತ್ತ ನಿಂತಿದ್ದ ಹೆಂಗಸರು ನಾಗರತ್ನಾಳ ಕಡೆ ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕರು. "ಇನ್ನ ನಮ್ಮ ನಾಗರತ್ನವ್ವ ದಿನಾ ಮುಂಜಾನೆ ಗಂಡನ ಮುಂದ ಕುಂದ್ರತಾಳ್ರವ್ವಾ!" ಎಂದು ಯಾರೋ ಅಂದರು. ಬಂದವನು ಟಕಟಕ ಅಂತ ಏನೋ ಹೊಡೆದು, ಹೆಸರಿಟ್ಟು, ಉಂಡು ಹೋದ. ಅದಾದ ಮೇಲೂ ಮಶೀನು ಚೆನ್ನಾಗಿಯೇ ಓಡುತ್ತಿತ್ತು. ಆದ್ದರಿಂದ ಹೆಸರಿನ ಮಾತು ಯಾರ ತಲೆಯಲ್ಲೂ ಉಳಿಯಲಿಲ್ಲ. ಮುಜಮ್ಮಿಲನಿಗಂತೂ ಅದನ್ನು ಯಾರೂ ಹೇಳಿರಲೇ ಇಲ್ಲ.

ಅಳಿಸುವುದು ಎಂದರೆ ಅಮೀನಪ್ಪನವರಿಗೆ ಆರ್ಡರುಗಳು ಅಳಿಯುವುದು. ಯಾರಿಗೆ ಯಾವ ಬಣ್ಣದ ಸೀರೆ, ಯಾವ ದಡಿ ಎಂಬುದು ಅಳಿದರೆ ಗಿರಾಕಿಗಳನ್ನು ಮತ್ತೆ ಕೇಳಿ ಬರೆದುಕೊಳ್ಳಬಹುದು. ನಾಗರತ್ನಾಳಿಗೆ ಅಳಿಯುವುದು ಬೇರೆಯದೇ ಇತ್ತು.

ಇಳಕಲ್ಲಿನಲ್ಲಿ ಅವಳ ಅವ್ವ ಶಿವಲಿಂಗವ್ವ ನೇಯುತ್ತಿದ್ದ ಸೆರಗೊಂದಿತ್ತು. ಹೊಳಿದಂಡಿ ಸೆರಗು ಎಂದು ಓಣಿಯವರು ಕರೆಯುತ್ತಿದ್ದರು. ಕೆಂಪಿನೊಳಗೆ ಬಿಳಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ, ಏರುತ್ತ, ಮುಸ್ಸಂಜೆ ಹೊತ್ತು ಹೊಳೆಯ ದಂಡೆಗೆ ಹೋಗಿ ನಿಂತ ಹಾಗೆ ಕಾಣುವುದು. ಅದನ್ನು ಆಕೆ ಯಾರಿಂದಲೂ ಕಲಿತದ್ದಲ್ಲ. ಮಗ್ಗದ ಮೇಲೆ ಕುಳಿತರೆ ಕೈ ಎಳೆ ಎತ್ತುತ್ತಿತ್ತು, ಬಾಯಿ ತಾನಾಗಿ ಅನ್ನುತ್ತಿತ್ತು: 'ಎರಡ ಎತ್ತ, ಒಂದ ಬಿಡ, ಮೂರ ಎತ್ತ...' ಮಗ್ಗ ಬಿಟ್ಟು ಎದ್ದು ಬಂದರೆ ಒಂದು ಸಾಲೂ ನೆನಪಿಲ್ಲ. "ಅದು ನನ್ನ ತಲ್ಯಾಗ ಎಲ್ಲೈತ್ಲೇ, ಬಳ್ಳಾಗ ಐತಿ" ಎಂದು ಬೆರಳು ತೋರಿಸಿ ನಗುತ್ತಿದ್ದಳು. ಒಂದು ಬೇಸಿಗೆಯಿಡೀ ನಾಗರತ್ನಾ ಪಕ್ಕದಲ್ಲಿ ಕುಳಿತು, ಅವ್ವ ನೇಯುತ್ತ ಅಂದದ್ದನ್ನೆಲ್ಲ ಚೀಟಿಗಳಲ್ಲಿ ಬರೆದುಕೊಂಡು ಬಂದು, ಸಾಲು ಸಾಲಾಗಿ ಸರ್ವರಿನೊಳಗೆ ಹಾಕಿದ್ದಳು.

ಮುಂದಿನ ಚಳಿಗಾಲದಲ್ಲಿ ಶಿವಲಿಂಗವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು. ಕೈ ಬಿದ್ದಾಗ ಕೈಯೊಳಗಿದ್ದ ಸೆರಗೂ ಬಿತ್ತು. ಈಗ ಪಕ್ಕದ ಮನೆಯ ಲಾಡಬಿ ತನ್ನ ಮಗ್ಗಕ್ಕೆ ಆ ಸೆರಗಿನ ಹಾಸು, ಅಂದರೆ ಉದ್ದದ ಎಳೆಗಳನ್ನು, ಏರಿಸಿಕೊಂಡು ಕಾಯುತ್ತಿದ್ದಳು. ಶಿವಲಿಂಗವ್ವನ ಹೊರಸನ್ನು ಹಗಲೆಲ್ಲ ಮಗ್ಗದ ಪಕ್ಕದಲ್ಲೇ ಹಾಕಿಸಿದ್ದಳು. ಇನ್ನೊಮ್ಮೆ ಹೊಳಿದಂಡಿ ಕಣ್ಣಿಗೆ ಬೀಳಲಿ ಎಂಬುದು ಮುದುಕಿಯ ಆಸೆ. ಬರೆದುಕೊಂಡ ಚೀಟಿಗಳು ಎಂದೋ ಕಸಕ್ಕೆ ಹೋಗಿದ್ದವು; ಆ ಸಾಲುಗಳು ಇದ್ದದ್ದು ಈಗ ಒಂದೇ ಕಡೆ, ಈ ಬೀಗ ಬಿದ್ದ ಡಬ್ಬಿಯೊಳಗೆ.

ಮಧ್ಯಾಹ್ನದ ಬಸ್ಸಿಗೆ ಸೀಡಿ ಬರುತ್ತದೆ.

ನಾಗರತ್ನಾ ಪಾಸ್‌ವರ್ಡನ್ನು ಇನ್ನೊಮ್ಮೆ ಹೊಡೆದಳು. ಅದೇ ಸಾಲು ಬಂತು. ಕಿಟಕಿಯಾಚೆ ದೂರದಲ್ಲಿ ಶ್ರಾವಣದ ಹಿನ್ನೀರು ಬಿಸಿಲಿಗೆ ಬಿಗಿದ ಹಾಸಿನಂತೆ ಹೊಳೆಯುತ್ತಿತ್ತು, ಲಕ್ಷ ಲಕ್ಷ ಬಿಳಿ ಎಳೆ, ಒಂದೂ ಕಡಿಯದೆ. ಅದನ್ನೇ ನೋಡುತ್ತ ನೋಡುತ್ತ ಅವಳ ರೆಪ್ಪೆಗಳು ಭಾರವಾದವು. ಸರ್ವರಿನ ಒಳಗಿನ ಫ್ಯಾನು ಗುಂಯ್ ಅನ್ನುತ್ತಿತ್ತು. ಚಿಕ್ಕವಳಿದ್ದಾಗ ಇಳಕಲ್ಲಿನಲ್ಲಿ ಉಂಡು ಮಲಗಿದರೆ ಆಚೆ ಮನೆಯಿಂದ ಹೀಗೇ ನೂಲು ಸುತ್ತುವ ರಾಟೆಯ ಸದ್ದು ಬರುತ್ತಿತ್ತು.

ಅವಳು ಹಳೆ ಊರಿಗೆ ಇಳಿದು ಹೋದಳು. ನೀರು ಇತ್ತು, ಆದರೆ ಒದ್ದೆ ಇರಲಿಲ್ಲ. ಬಾವಿ ಓಣಿಯಲ್ಲಿ ಹಸಿರು ಬೆಳಕು ತುಂಬಿತ್ತು, ಗಾಜಿನ ಬಳೆಯೊಳಗಿಂದ ನೋಡಿದ ಹಾಗೆ. ಬೇವಿನ ಮರದಲ್ಲಿ ಹಕ್ಕಿಗಳ ಜಾಗದಲ್ಲಿ ಸಣ್ಣ ಮೀನುಗಳು ಕುಳಿತು ಎದ್ದು ಮಾಡುತ್ತಿದ್ದವು. ಕಟ್ಟೆಯ ಮೇಲೆ ಯಾರೋ ಬಿಟ್ಟು ಹೋದ ಚಹಾದ ಬಸಿ, ಅದರಲ್ಲಿ ಚಹಾ ಇನ್ನೂ ಬಿಸಿ. ಸಂಘದ ಹಳೆ ಅಂಗಡಿಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಫ್ಯಾನಿನ ಗುಂಯ್ ಸದ್ದು ಕೇಳುತ್ತಿತ್ತು. ಓಹೋ, ಇದು ಇಲ್ಲೇ ಇದೆ ಎಂದುಕೊಂಡಳು. ಡಬ್ಬಿಯನ್ನು ಹೊತ್ತು ಮೇಲಕ್ಕೆ ಒಯ್ದರೂ ಒಳಗಿದ್ದದ್ದು ಇಲ್ಲೇ ಉಳಿದಿದೆ, ಊರು ಬಿಟ್ಟದ್ದನ್ನು ಅದಕ್ಕೆ ಯಾರೂ ಹೇಳಿಲ್ಲ. ಚಿಲಕ ಬಡಿದಳು.

"ಯಾರು?" ಎಂದಿತು ಒಳಗಿನ ಧ್ವನಿ. ಗಂಡಸಿನದೂ ಅಲ್ಲ, ಹೆಂಗಸಿನದೂ ಅಲ್ಲ. ಬೇಸರವೂ ಇರಲಿಲ್ಲ, ಬಹಳ ಹೊತ್ತಿನಿಂದ ಒಬ್ಬರೇ ಕುಳಿತವರ ಧ್ವನಿ.

"ನಾನು."

"ನಾನು ಅಂದ್ರ ಯಾರು?"

ಹೇಳಲು ಬಾಯಿ ತೆರೆದಳು. ಬಾಯೊಳಗೆ ನೀರು ತುಂಬಿಕೊಂಡಿತು.

ಫೋನು ಹೊಡೆದುಕೊಳ್ಳುತ್ತಿತ್ತು. ನಾಗರತ್ನಾ ಬೆಚ್ಚಿ ಎದ್ದಾಗ ಕೀಬೋರ್ಡಿನ ಗುಂಡಿಗಳ ಅಚ್ಚು ಮುಂಗೈ ಮೇಲೆ ಮೂಡಿತ್ತು.

"ಹಲೋ, ನಾ ಲಾಡಬಿ. ಏನಾತ ಬೇಟಿ? ಬಾಗಲಾ ತೆರದೈತೋ ಇಲ್ಲೋ?"

"ಇಲ್ಲ ಚಾಚಿ. ಆ ಹುಡುಗ ಬರಾಕತ್ತಾನ. ಎಲ್ಲಾ ಅಳಸ್ತೇನಿ ಅಂತಾನ."

"ಅಳಸ್ತಾನಂತ? ಅಂವನ ಕೈ ಸೇದಿ ಹೋಗ್ಲಿ! ಇಲ್ಲ ಬಿಡು, ಯಾರೋ ತಾಯಿ ಮಗ, ಹಂಗ ಅನಬಾರ್ದು. ಇಕಾ, ನಿಮ್ಮವ್ವ ಮುಂಜಾನಿಂದ ಕೇಳಾಕತ್ಯಾಳ. ಮಾತಾಡು." ಫೋನಿನ ವಯರು ಗೋಡೆಗೆ ಸವರಿದ ಸದ್ದಾಯಿತು. ಲಾಡಬಿ ದೂರದಿಂದ ಕೂಗಿದಳು, "ಯವ್ವಾ, ಮಗಳು! ನಾಗರತ್ನಾ!"

"ಯಾರು?" ಎಂದಳು ಶಿವಲಿಂಗವ್ವ.

ಕನಸಿನ ಬಾಗಿಲ ಹಿಂದಿನಿಂದಲೇ ಬಂದಂತಾಯಿತು.

"ಅವ್ವಾ, ನಾ. ನಾಗರತ್ನಾ."

"ಯಾವ ನಾಗರತ್ನಾ? ಇಲ್ಲಿ ಯಾರಿಲ್ಲವಾ. ನಮ್ಮ ಮಗಳ ಜೋಡಿ ಮಾತಾಡೂದೈತಿ, ಫೋನ ಇಡು."

ಲಕ್ವಾ ಹೊಡೆದ ಮೇಲೆ ಅವ್ವನ ನೆನಪು ಹೀಗೆ ಅಲ್ಲಲ್ಲಿ ಎಳೆ ಬಿಟ್ಟಿತ್ತು. ಹಳೆಯದೆಲ್ಲ ಗಟ್ಟಿ, ನಡುವಿನದು ಸಡಿಲ. ನಾಗರತ್ನಾ ಎಂಬುದು ಗಂಡನ ಮನೆಯಲ್ಲಿ ತಾಟಿನೊಳಗೆ ಅಕ್ಕಿ ಹರಡಿ ಉಂಗುರದಿಂದ ಬರೆದು ಇಟ್ಟ ಹೆಸರು. ಹೊಸ್ತಿಲು ದಾಟಿದಂದು ಬಂದದ್ದು.

"ಅವ್ವಾ," ಎಂದಳು ಮೆಲ್ಲಗೆ. "ನಾನವಾ. ಸುಂದರವ್ವ."

"ಸುಂದ್ರಾ!" ಆ ಕಡೆಯಿಂದ ಧ್ವನಿ ಬಾಗಿಲು ತೆರೆದಂತೆ ಬಂತು. "ಹಂಗಂತ ಮೊದಲ ಹೇಳಬಾರ್ದ? ಯಾರ್ಯಾರೋ ಹೆಸರ ಹೇಳ್ತಾರ್ಲೇ ಫೋನಿನ್ಯಾಗ. ಉಂಡೇನು? ಸೆರಗ ಏನಾತು?"

"ಉಂಡಿಲ್ಲವಾ. ಉಣ್ತೇನಿ..." ಎನ್ನುತ್ತ ನಾಗರತ್ನಾಳ ಕಣ್ಣು ಪಡದೆಯ ಮೇಲೆ ನಿಂತುಬಿಟ್ಟಿತು. ನೇಕಾರ. ಬಾಲ ಸುತ್ತಿದ ಅಕ್ಷರ. ಆಮೇಲೆ ಆ ಹೆಸರು. ಬೆಳಗಿನಿಂದ ಎಷ್ಟು ಸಲ ಅದನ್ನು ಓದಿದ್ದಳೋ, ಅಷ್ಟೂ ಸಲ ಅದರ ಪಕ್ಕದಿಂದ ಸರಿದು ಹೋಗಿದ್ದಳು. ನೇಕಾರ ಯಾರು ಎಂಬುದು ಒಳಗಿದ್ದವನಿಗೆ ಗೊತ್ತು. ಆದರೆ ಎಲ್ಲಿಯ ನೇಕಾರ? ಅವನು ಎಂದಿನಿಂದಲೂ ಬಲ್ಲದ್ದು ಮಲಪ್ರಭಾದ ನೇಕಾರನನ್ನು. ಹೊಸ ಮನೆಯಲ್ಲಿಟ್ಟ ಹೆಸರು ಹೇಳಿಕೊಂಡು ತವರಿನ ಬಾಗಿಲು ಬಡಿದರೆ?

"ಅವ್ವಾ, ಆಮ್ಯಾಲ ಮಾಡ್ತೇನಿ!" ಎಂದು ಫೋನು ಇಟ್ಟು ಹುನಗುಂದಕ್ಕೆ ತಿರುವಿದಳು. ಗಂಟೆ ಹೊಡೆಯಿತು, ಹೊಡೆಯಿತು. ಕೊನೆಗೆ ಎತ್ತಿದವನು ಏದುಸಿರು ಬಿಡುತ್ತಿದ್ದ.

"ಅಕ್ಕಾರ, ಕೀಲಿ ಹಾಕಿ ಮೆಟ್ಟಿಲ ಇಳದಿದ್ದೆ. ಮತ್ತ ಏರಿ ಬಂದೆ. ಬಸ್ ಬರೂ ಹೊತ್ತಾತು, ಲಗೂನ ಹೇಳ್ರಿ."

"ಮುಜಮ್ಮಿಲ, ಈ ಮಶೀನಿಗೆ ಹೆಸರ ಬದಲಿ ಮಾಡ್ಯಾರ. ಇಲ್ಲಿ ತಂದ ದಿನ. ಅದಕ್ಕ ಗುರ್ತ ಹಿಡೀವಲ್ಲದೇನ ಮತ್ತ?"

ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದಿನ ನಡುವೆ ಅವನ ಧ್ವನಿ ಏರಿತು.

"ಮಲಪ್ರಭಾ ಅಲ್ಲೇನ್ರಿ ಈಗ?" ಎಂದ. "ಅಟ್ ಮುಂದ ಮಲಪ್ರಭಾ ಇಲ್ಲೇನು? ಮತ್ತ ಮುಂಜಾನೆಯಿಂದ ಮಶೀನಿನ ಹೆಸರು, ಮಶೀನಿನ ಹೆಸರು ಅಂದ್ರಿ! ನಾ ಮಲಪ್ರಭಾ ಅಂತ ತಿಳಕೊಂಡ ಕುಂತೇನಿ. ಏನ ಐತ್ರಿ ಅಲ್ಲಿ?"

ನಾಗರತ್ನಾ ಬಾಯಿ ತೆರೆದಳು, ಮುಚ್ಚಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಸೈಕಲ್ಲು ನಿಂತ ಸದ್ದಾಯಿತು. ಸೋಮಲಿಂಗ ಬುತ್ತಿ ಹಿಡಿದು ಒಳಗೆ ಬಂದ. ಅವನದು ಹಿಟ್ಟಿನ ಗಿರಣಿ. ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲೆಲ್ಲ ಜೋಳದ ಹಿಟ್ಟು ಕೂತು, ಮಂಜಿನೊಳಗಿಂದ ಎದ್ದು ಬಂದವನಂತೆ ಕಾಣುತ್ತಿದ್ದ.

"ಛಲೋ ಹೊತ್ತಿಗೆ ಬಂದ್ರಿ," ನಾಗರತ್ನಾ ಫೋನನ್ನು ಅವನ ಕಡೆ ಚಾಚಿದಳು. "ಹಿಡೀರಿ. ನಿಮ್ಮ ಹೆಸರ ಹೇಳ್ರಿ ಅವಂಗ."

"ಯಾಕ, ಪೊಲೀಸ್ ಏನು?"

"ಮಶೀನಿನ ಹೆಸರ ಕೇಳಾಕತ್ತಾನ್ರಿ. ಹೇಳ್ರಿ ಲಗೂನ, ಬಸ್ ಬರ್ತೈತಿ."

ಸೋಮಲಿಂಗ ಬುತ್ತಿಯನ್ನು ಮೇಜಿನ ಮೇಲಿಟ್ಟ. ವಿಷಯ ತಿಳಿಯಿತು. ಹಿಟ್ಟಿನ ಮೀಸೆಯ ಕೆಳಗೆ ನಗು ನಿಧಾನ ಅರಳಿತು. ಫೋನಿಗೆ ಬಾಯಿ ಹಚ್ಚಿ, "ತಮ್ಮಾ, ನಮ್ಮ ಮನ್ಯಾಕಿ ಹೇಳ್ತಾಳ, ಕೇಳು" ಎಂದು ಫೋನನ್ನು ಮತ್ತೆ ಅವಳ ಕೈಗೇ ಕೊಟ್ಟ.

"ನಿಮಗ ಚಾಷ್ಟಿ ಆಗೈತಿ. ಇಲ್ಲಿ ನಮ್ಮವ್ವನ ಸೆರಗ ಹೊಂಟೈತಿ."

"ಅದಕ್ಕ ಅಂತೇನಿ ಹೇಳು. ಮದವಿ ದಿವಸ ಒಡಪ ಹಾಕಂದ್ರ ಅಳಕೋತ ಒಳಗ ಓಡಿದಿ. ಆವತ್ತಿಂದು ಬಾಕಿ ಐತಿ."

ಹೆಣ್ಣುಮಕ್ಕಳು ಗಂಡನ ಹೆಸರನ್ನು ಹಾಗೇ ಅನ್ನುವಂತಿಲ್ಲ, ಆದರೆ ಒಡಪಿನೊಳಗೆ ಇಟ್ಟು ಅನ್ನಬಹುದು. ಪ್ರಾಸ ಹಚ್ಚಿದ ಎರಡು ಸಾಲಿನ ನಡುವೆ, ಎಲೆ ಅಡಿಕೆಯೊಳಗೆ ಲವಂಗ ಚುಚ್ಚಿದ ಹಾಗೆ ಹೆಸರು ಸಿಕ್ಕಿಸಿದರೆ ದೋಷವಿಲ್ಲ. ಮದುವೆಯ ದಿನ ನಾಚಿಕೆಗೆ ಅವಳಿಗೆ ಒಂದೂ ಹೊಳೆದಿರಲಿಲ್ಲ.

"ಅಕ್ಕಾರ," ಎಂದ ಮುಜಮ್ಮಿಲ ಫೋನಿನೊಳಗಿಂದ, "ಬಸ್ ಹೋದ್ರ ಹೋಗ್ಲಿ, ನಾನೂ ಕೇಳವನ."

ನಾಗರತ್ನಾ ಕಿಟಕಿಯ ಕಡೆ ತಿರುಗಿದಳು. ದೂರದಲ್ಲಿ ನೀರು ಬೆಳ್ಳಗೆ ಮಲಗಿತ್ತು. ಅದರ ಕೆಳಗೆ ಈಗಷ್ಟೆ ಅವಳು ನಡೆದಾಡಿ ಬಂದ ಓಣಿ. ಹುಣ್ಣಿಮೆಯಲ್ಲಿ ಗಂಡ 'ನೋಡು ಬಾ' ಎಂದು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗಿ ತೋರಿಸಿದ್ದ ಆ ನೀರು ನೆನಪಾಯಿತು. ಯಾರ ಕಡೆಗೂ ನೋಡದೆ, ಒಂದೇ ಉಸಿರಿಗೆ ಅಂದಳು:

"ಹಳೇ ಊರ ಮ್ಯಾಲ ನೀರ ಐತಿ, ನೀರಾಗ ಐತಿ ಚಂದಿರ,
ಸೋಮಲಿಂಗರ ಹೆಸರಿನ ಮಶೀನ ಬೀಗ ಹಾಕಿದ ಮಂದಿರ."

ಹುನಗುಂದದಲ್ಲಿ ಮುಜಮ್ಮಿಲ "ವಾಹ್ ವಾಹ್!" ಎಂದು ಕೂಗಿದ. ಬಾಗಲಕೋಟೆಯಲ್ಲಿ ಸೋಮಲಿಂಗ ಕಣ್ಣಿನ ಹಿಟ್ಟು ಒರೆಸಿಕೊಳ್ಳುವವನಂತೆ ಅಂಗೈಯಿಂದ ಮುಖ ಉಜ್ಜಿಕೊಂಡ.

"ಸೋಮಲಿಂಗ!" ಎಂದ ಮುಜಮ್ಮಿಲ. "ಸಿಕ್ತ ನೋಡ್ರಿ ಅಕ್ಕಾರ. ಡೇಟಾಬೇಸಿನ್ಯಾಗ ಮಲಪ್ರಭಾದಿಂದ ಬರೂ ನೇಕಾರಗ ಅಷ್ಟ ಒಳಗ ಬಿಡು ಅಂತ ಬರದೈತಿ. ಹೆಸರಿಟ್ಟಾಂವ ಹೊರಗ ಬದಲಿ ಮಾಡ್ಯಾನ, ಒಳಗ ಹೇಳಿಲ್ಲ."

"ಮತ್ತ ಇಷ್ಟ ದಿನ ಹೆಂಗ ಓಡ್ತಪಾ?"

"ಅದಕ್ಕ ಹಳೇ ಹೆಸರ ನೆನಪಿತ್ರಿ. ಎಚ್ಚರ ಇರೂತನಾ ನೆನಪ ಇಟಗೊಂಡಿರ್ತೈತಿ. ನಿನ್ನಿ ಕರೆಂಟ ಹೋಗಿ ನಿದ್ದಿ ಮಾಡಿ ಎದ್ದೈತಲ್ಲ, ಎದ್ದಾಂವ ಮತ್ತ ಹೆಸರ ಕೇಳ್ಯಾನ. ಹೊಸದು ಹೇಳ್ಯಾರ. ಬರ್ರಿ ಈಗ, ನಾ ಹೇಳಿದ್ದ ಹೊಡೀರಿ."

ಅವನು ಹೇಳುತ್ತ ಹೋದ, ಅವಳು ಹೊಡೆಯುತ್ತ ಹೋದಳು. ಒಂದು ಸಣ್ಣ ಫೈಲು ತೆರೆಯಿತು. ಅದರಲ್ಲಿ ಮಶೀನಿನ ನಂಬರು, ನಂಬರಿನ ಮುಂದೆ ಗಂಡನ ಹೆಸರು.

"ಇದನ್ನ ಅಳಸ್ಲೇನು?" ಎಂದಳು. ಕೇಳುವಾಗ ಅವಳ ಬೆರಳು ಸ್ವಲ್ಪ ಹಿಂಜರಿಯಿತು.

"ಯಾಕ ಅಳಸ್ತೀರಿ? ಇರ್ಲಿ. ನಂಬರ್ ಆದ ಮ್ಯಾಲ, ಅದರಕಿಂತ ಮೊದಲ, ಹಳೇ ಹೆಸರ ಬರೀರಿ. ಒಂದರ ಬಾಜೂಕ ಒಂದು. ಎರಡೂ ಅದರದ ಹೆಸರು. ಕೇಳಿದವರಿಗೆ ಮೊದಲಿಂದ ಮೊದಲ ಹೇಳ್ತೈತಿ."

ನಾಗರತ್ನಾ ಬರೆದಳು. ಮಲಪ್ರಭಾ, ಆಮೇಲೆ ಒಂದು ಸಣ್ಣ ಜಾಗ, ಆಮೇಲೆ ಸೋಮಲಿಂಗ. ಫೈಲು ಉಳಿಸಿ, ಡೇಟಾಬೇಸನ್ನು ಮಲಗಿಸಿ, ಮತ್ತೆ ಎಬ್ಬಿಸಿದಳು. ಪಾಸ್‌ವರ್ಡು ಹೊಡೆದಳು. ಎಂಟರ್ ಒತ್ತುವ ಮೊದಲು ಹಿಂದೆ ನಿಂತಿದ್ದ ಗಂಡನ ಕಡೆ ಒಮ್ಮೆ ನೋಡಿದಳು. ಅವನು ಹುಬ್ಬು ಏರಿಸಿ 'ಒತ್ತು' ಎಂದ. ಹುಬ್ಬಿನಿಂದ ಒಂದಿಷ್ಟು ಹಿಟ್ಟು ಉದುರಿತು.

ಪಡದೆ ಕ್ಷಣ ಹೊತ್ತು ಕಪ್ಪಾಯಿತು. ಆಮೇಲೆ ಮೊದಲಿನ ಪಟ್ಟಿ, ಮೊದಲಿನ ಬಣ್ಣಗಳು, ಎಲ್ಲಿ ಬಿಟ್ಟಿದ್ದಳೋ ಅಲ್ಲೇ ತೆರೆದುಕೊಂಡವು. ಏನೂ ಆಗಿಯೇ ಇಲ್ಲವೇನೋ ಎಂಬ ಹಾಗೆ.

"ಬಂತು," ಎಂದಳು. "ಮುಜಮ್ಮಿಲ, ಬಂತಪಾ."

"ಮೊದಲ ಫ್ಲಾಪಿದಾಗ ತಗೀರಿ ಎಲ್ಲಾ. ಆಮ್ಯಾಲ ಉಣ್ರಿ. ನಾನೂ ಉಣ್ತೇನಿ. ಆ ಒಡಪ ಸಂಜಿಗೆ ನಮ್ಮ ಮನ್ಯಾಕಿಗೆ ಹೇಳ್ತೇನಿ, ನರ್ಗೀಸಗ ಭಾಳ ಸೇರ್ತಾವ ಇಂಥಾವು."

ನಾಗರತ್ನಾ ಉಣ್ಣಲಿಲ್ಲ. ಇಳಕಲ್ಲಿಗೆ ಫೋನು ತಿರುವಿದಳು. ಲಾಡಬಿ ಒಂದೇ ಗಂಟೆಗೆ ಎತ್ತಿದಳು.

"ಚಾಚಿ, ಮಗ್ಗದ ಮ್ಯಾಲ ಕುಂದ್ರು. ಫೋನ ಅವ್ವನ ಕಿವ್ಯಾಗ ಇಡು. ನಾ ಓದ್ತೇನಿ, ಅವ್ವ ನಿನಗ ಹೇಳ್ತಾಳ."

"ಅಕಿಗೆ ನೆನಪ ಉಳೀತೈತೇನು?"

"ಒಂದೊಂದ ಸಾಲು. ಅವ್ವಾ, ನಾ ಸುಂದರವ್ವ. ಹೊಳಿದಂಡಿ ಬಂದೈತಿ. ಕೇಳ್ತೀ?"

"ಹೂಂ," ಎಂದಳು ಶಿವಲಿಂಗವ್ವ. "ಅನ್ನು."

"ಎರಡ ಎತ್ತ, ಒಂದ ಬಿಡ."

"ಎರಡ ಎತ್ತ, ಒಂದ ಬಿಡ," ಎಂದಿತು ಅವ್ವನ ಧ್ವನಿ, ಲಾಡಬಿಯ ಕಡೆ ತಿರುಗಿ.

"ಮೂರ ಎತ್ತ, ಒಂದ ಬಿಡ."

"ಮೂರ ಎತ್ತ, ಒಂದ ಬಿಡ."

"ಎರಡ ಎತ್ತ, ಎರಡ ಬಿಡ."

ಆ ಕಡೆ ಮಾತು ನಿಂತಿತು. ಅವ್ವ ಮರೆತಳೇ ಎಂದು ನಾಗರತ್ನಾ ಕಿವಿಗೆ ಫೋನು ಒತ್ತಿಕೊಂಡಳು. ಹೊರಸಿನ ಕಿರುಗುಟ್ಟುವಿಕೆ, ಯಾರದೋ ಕೋಳಿ, ಅವ್ವನ ಉಸಿರು.

"ಅಲ್ಲ," ಎಂದಳು ಶಿವಲಿಂಗವ್ವ.

"ಏನ ಅಲ್ಲವಾ?"

"ಎರಡ ಎತ್ತಿದ್ರ ದಂಡಿ ಕುಸೀತೈತಿ. ಅಲ್ಲಿ ಮೂರು. ನೀ ಬರಕೊಳ್ಳೂ ಮುಂದ ನಿದ್ದಿ ಮಾಡಿದ್ದೇನ್ಲೇ?"

"ಮಾಡಿದ್ನೇನೋ ಅವ್ವಾ. ಭಾಳ ಸೆಕಿ ಇತ್ತ ಆ ಬ್ಯಾಸಗ್ಯಾಗ."

"ತಿದ್ದು ಅದನ್ನ. ಮೂರು ಮಾಡು. ಏ ಲಾಡಬಿ, ಮೂರ ಎತ್ತ, ಎರಡ ಬಿಡ."

ನಾಗರತ್ನಾ ಎರಡನ್ನು ಅಳಿಸಿ ಮೂರು ಬರೆದು ಎಂಟರ್ ಒತ್ತಿದಳು. ಸರ್ವರು ತಕರಾರಿಲ್ಲದೆ ಒಪ್ಪಿಕೊಂಡಿತು. ಬುತ್ತಿಯ ಗಂಟು ಬಿಚ್ಚುತ್ತಿದ್ದ ಸೋಮಲಿಂಗನ ಕೈ ಅಲ್ಲಿಗೇ ನಿಂತಿತು. ಅವಳ ಕಿವಿಯಲ್ಲಿದ್ದ ಫೋನಿನಿಂದ, ಅವನಿಗೂ ಕೇಳುವಷ್ಟು ಗಟ್ಟಿಯಾಗಿ, ಇಳಕಲ್ಲಿನ ಮಗ್ಗ ಒಮ್ಮೆ 'ಟಕ್' ಎಂದು ಎಳೆ ಬಡಿಯಿತು.